ಹಳೆಯ ಹುಲಿ ಮತ್ತು ಹರಿದ ಎಳೆ

ಮನೆಯಲ್ಲಿ ಯಾರೂ ನನ್ನ ಮಾತು ಕೇಳುವುದಿಲ್ಲ. ಆದ್ದರಿಂದ ಮೊಬೈಲಿನಲ್ಲಿ ಹನ್ನೊಂದು ಕ್ರಿಕೆಟ್ ಆಟಗಾರರನ್ನು ಸಾಕಿಕೊಂಡಿದ್ದೇನೆ. ಅವರೂ ಕೇಳುವುದಿಲ್ಲ, ಆ ಮಾತು ಬೇರೆ. ಫ್ಯಾಂಟಸಿ ಕ್ರಿಕೆಟ್ ಎಂದರೆ ಇಷ್ಟೇ: ಪ್ರತಿ ಪಂದ್ಯಕ್ಕೆ ಮುಂಚೆ ನಮ್ಮದೊಂದು ತಂಡ ಆರಿಸಿ, ಒಬ್ಬನನ್ನು ಕ್ಯಾಪ್ಟನ್ ಮಾಡುವುದು. ಮೈದಾನದಲ್ಲಿ ಬೆವರು ಅವರದು, ಅಂಕ ನಮ್ಮದು. ಗೆದ್ದರೆ ನಮ್ಮ ಬುದ್ಧಿ, ಸೋತರೆ ಪಿಚ್‌ನ ತಪ್ಪು. ಬನಹಟ್ಟಿಯಲ್ಲಿ ನಮ್ಮದು ಏಳು ಗೆಳೆಯರ ಗುಂಪು. ಪಣ ದುಡ್ಡಲ್ಲ, ಮಾನ. ಸೀಸನ್ ಕೊನೆಗೆ ತಳದಲ್ಲಿದ್ದವನು ಎಲ್ಲರಿಗೂ ತಾನೇ ಚುರುಮುರಿ ಸೂಸಲ, ಅಂದರೆ ಮಂಡಕ್ಕಿ ಒಗ್ಗರಣೆ, ಮಾಡಿ ಬಡಿಸಬೇಕು.

ಈ ಸಲ ನನ್ನ ಹೆಂಡತಿ ಶಾಂತಾ ತಾನೂ ಸೇರುತ್ತೇನೆಂದಳು. ಗಂಡಸರು ಆಡುವುದು ಬುದ್ಧಿ ತೋರಿಸಲು, ಹೆಂಗಸರು ಆಡುವುದು ಗಂಡನ ಪಕ್ಕ ನಾಲ್ಕು ಗಳಿಗೆ ಕೂರಲು ಎಂಬುದು ನನ್ನ ಸಿದ್ಧಾಂತ. ಅದನ್ನು ಗೆಳೆಯರ ಮುಂದೆ ಮಂಡಿಸಿದೆ.

"ಪಾಪ ಲೇ, ನಮ್ಮಾಕಿಗೆ ಆಟ ಏನ್ ತಿಳೀತೈತಿ? ನನ್ ಕೂಡ ಕುಂಡ್ರಾಕ ಒಂದ್ ನೆವ, ಅಷ್ಟ."

ಆರೂ ಜನ ತಲೆದೂಗಿದರು. ನಮ್ಮಲ್ಲಿ ಒಮ್ಮತವಾದ ವಿಷಯ ಅದೊಂದೇ.

ನನ್ನ ಕ್ಯಾಪ್ಟನ್ ಹಳೆಯ ಹುಲಿ. ನಾಲ್ಕು ಪಂದ್ಯ ಸೊನ್ನೆ ಸುತ್ತಿದ, ಐದನೆಯದಕ್ಕೆ ಮೊಣಕಾಲು ಹಿಡಿದುಕೊಂಡು ಕೂತ. ನಾನು ಬಿಡಲಿಲ್ಲ. ಹುಲಿ ಅಲ್ಲವೇ! ಪಕ್ಕದಲ್ಲಿ ಶಾಂತಾ ಮಗ್ಗಕ್ಕೆ ಬೇಕಾದ ಕಂಡಿಕೆ ಕೊಳವೆಗಳಿಗೆ ನೂಲು ಸುತ್ತುತ್ತಿದ್ದಳು. ಎಳೆಯೊಂದು ಹರಿಯಿತು. ಕೆಟ್ಟ ತುದಿ ಕಡಿದೆಸೆದು, ಗಂಟು ಹಾಕಿ, ರಾಟೆ ಮತ್ತೆ ತಿರುಗಿಸಿದಳು.

"ಹಿಂಗ ಮಾಡ್ರಿ. ಹರದ ಎಳಿ ಹಿಡ್ಕೊಂಡ ಅಳಕೋತ ಕುಂತ್ರ ಸೀರಿ ಆಗತೈತೇನು?"

"ನಿಷ್ಠಾ ಅಂತ ಒಂದ್ ಇರತೈತಿ, ಶಾಂತಾ."

"ನಿಮ್ಮ ನಿಷ್ಠಾ ಅವಗ ಗೊತ್ತೈತೇನ್ರಿ?"

ಸೀಸನ್ ಮುಗಿದಾಗ ಶಾಂತಾ ಎಲ್ಲರಿಗಿಂತ ಮೇಲೆ. ತಳದಲ್ಲಿ ಯಾರೆಂದು ಹೇಳಬೇಕೆ? ಒಗ್ಗರಣೆ ಸೀಯಿಸಿ ಸೂಸಲ ಮಾಡಿದೆ. ಗೆಳೆಯರು ಕೆಮ್ಮುತ್ತಲೇ ತಿಂದರು. ಅವರಲ್ಲೊಬ್ಬ ದುಷ್ಟ ನನ್ನ ಸಿದ್ಧಾಂತವನ್ನು ನೆನಪಿಟ್ಟುಕೊಂಡಿದ್ದ.

"ವೈನಿ, ಖರೆ ಹೇಳ್ರಿ. ಇವನ ಕೂಡ ಕುಂಡ್ರಾಕ ಆಡಿದ್ರೇನು?"

"ಇವರ ಕೂಡ?" ಶಾಂತಾ ನಕ್ಕಳು. "ಇಪ್ಪತ್ತ ವರ್ಷ ಕುಂತದ್ದ ಸಾಕಾತು. ನಾ ಆಡಿದ್ದು ಗೆಲ್ಲಾಕ್ರೀ!"

ನಗು ಓಣಿಯ ತುದಿಯವರೆಗೆ ಕೇಳಿಸಿರಬೇಕು. ಎಲ್ಲರೂ ಹೋದ ಮೇಲೆ ಅವಳು ನನ್ನನ್ನು ಕೇಳಿದಳು: "ಒಮ್ಮೆನೂ ಗೆದ್ದಿಲ್ಲ. ನೀವ್ಯಾಕ ಆಡತೀರಿ?"

ಬುದ್ಧಿ ತೋರಿಸಲು ಎನ್ನಲು ಬಾಯಿ ತೆರೆದೆ. ಸೀದ ಬಾಣಲೆ ಎದುರಿಗೇ ಇತ್ತು. ಯೋಚಿಸಿದೆ. ವರ್ಷವಿಡೀ ಆ ಆರು ಮಂದಿ ನನಗೆ ಫೋನ್ ಮಾಡಿದ್ದೆಲ್ಲ ತಂಡದ ವಿಷಯಕ್ಕೇ. ಆಟವಿಲ್ಲದಿದ್ದರೆ ಅವರು ನಮ್ಮ ಮನೆಗೆ ಯಾಕೆ ಬರುತ್ತಾರೆ? ನಾಲ್ಕು ಗಳಿಗೆ ಯಾರದಾದರೂ ಪಕ್ಕ ಕೂರಲು ನೆವ ಬೇಕಿದ್ದದ್ದು ನನಗೆ. ಸಿದ್ಧಾಂತವೇನೋ ಸರಿಯಾಗಿಯೇ ಇತ್ತು. ಹೆಂಗಸರ ತಲೆಗೆ ಕಟ್ಟಿದ್ದೇ ತಪ್ಪು.