ಒಲೆ ಕಾಣದ ಊರು

ಕೆಳಗಿನ ಫ್ಲ್ಯಾಟಿನ ಹುಡುಗಿ ಗಂಡನ ಶುಗರ್‌ಗೆಂದು ಈಚೆಗೆ ರಾಗಿ ರೊಟ್ಟಿ ತಟ್ಟಲು ಕಲಿಯುತ್ತಿದ್ದಾಳೆ. ಇಲ್ಲಿಯ ಮರಾಠಿಯಲ್ಲಿ ರಾಗಿಗೆ ನಾಚಣಿ ಅನ್ನುತ್ತಾರೆ. ಕೈ ಇನ್ನೂ ಕುದುರಿಲ್ಲ, ಆಗಾಗ ಅಂಚು ಸೀಯುತ್ತದೆ. ಆ ವಾಸನೆ ಮೆಟ್ಟಿಲು ಹತ್ತಿ ನನ್ನ ಬಾಲ್ಕನಿಗೆ ಬರುತ್ತದೆ. ಮಣ್ಣಿನಂಥ, ಹೊಗೆಯಂಥ, ಹಸಿವೆಯನ್ನು ತಟ್ಟಿ ಎಬ್ಬಿಸುವ ವಾಸನೆ. ಮಿರಜದ ಹತ್ತಿರದ ವಿಶ್ರಾಮಬಾಗದಲ್ಲಿ ಟೀ ಕಪ್ ಹಿಡಿದು ಕೂತವಳು ಒಮ್ಮೆಲೇ ಚಾಂದೋಲಿ ಅಭಯಾರಣ್ಯದ ಬೆಟ್ಟದ ಬುಡದಲ್ಲಿ, ಸೆಗಣಿ ಸಾರಿಸಿದ ಒಂದು ಪಡಸಾಲೆಯಲ್ಲಿರುತ್ತೇನೆ. ಪಕ್ಕದಲ್ಲಿ ಮಾವಶಿ...

ಮಾವಶಿ ಅಂದರೆ ಚಿಕ್ಕಮ್ಮ, ಆದರೆ ಅವರು ನನ್ನ ಸ್ವಂತ ಮಾವಶಿಯಲ್ಲ. ಮಿರಜ ಸ್ಟೇಷನ್ನಿನ ಹತ್ತಿರ ಒಂದು ಗಲ್ಲಿಯಲ್ಲಿ ಖಾನಾವಳಿ ನಡೆಸುತ್ತಿದ್ದರು, ಹಾಗಾಗಿ ಉಣ್ಣಲು ಬಂದವರಿಗೆಲ್ಲ ಮಾವಶಿ. ಅಥಣಿ ಕಡೆಯಿಂದ ಲಗ್ನವಾಗಿ ಬಂದವರು. ಗಂಡ ಬೇಗ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಒಲೆ ಹೂಡಿದರು. ಮಿರಜ ದವಾಖಾನೆಗಳ ಊರು. ಆಪರೇಷನ್ನಿಗೆಂದು ಯಾರನ್ನೋ ಅಡ್ಮಿಟ್ ಮಾಡಿ, ಹೊರಗೆ ಬಂದು ಎತ್ತ ಹೋಗಬೇಕೆಂದು ತಿಳಿಯದೆ ನಿಂತ ಗಡಿಯಾಚೆಯ ಜನಕ್ಕೆ ಅಲ್ಲಿ ಬಿಸಿ ರೊಟ್ಟಿಯೂ ಸಿಗುತ್ತಿತ್ತು, ಕನ್ನಡವೂ ಸಿಗುತ್ತಿತ್ತು.

ನಾನು ಅಲ್ಲೇ ಹತ್ತಿರದ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಬೆಳೆದು, ಫೋರ್ಕ್ ಯಾವ ಕಡೆ, ನೈಫ್ ಯಾವ ಕಡೆ ಎಂದು ಕಲಿತು, ಅನ್ನ ಬಸಿಯುವುದನ್ನು ಮಾತ್ರ ಕಲಿಯದೆ ಉಳಿದವಳು. ಮದುವೆಯ ಗೊಡವೆಗೆ ಹೋಗಲಿಲ್ಲ. ಸೋ, ಮಧ್ಯಾಹ್ನದ ಊಟ ವರ್ಷಗಟ್ಟಲೆ ಮಾವಶಿಯ ಖಾನಾವಳಿಯಲ್ಲೇ. ಈ ಕಡೆ ಟೀಚರನ್ನು ಬಾಯಿ ಎಂದು ಕರೆಯುತ್ತಾರೆ. ನಾನು ಒಳಗೆ ಕಾಲಿಟ್ಟರೆ ಸಾಕು, "ಬಾಯಿ ಬಂದ್ರು, ತಾಟ ಹಚ್ಚು" ಎಂದು ಒಲೆಯ ಮುಂದಿನಿಂದಲೇ ಕೂಗುತ್ತಿದ್ದರು.

ಅವರ ಕೈಯಿಂದ ರೊಟ್ಟಿ ತವೆಯಿಂದ ನೇರ ತಾಟಿಗೆ ಹಾರಿ ಬರುತ್ತಿತ್ತು. "ಇನ್ನೊಂದ ಹಾಕಲೇ?" ಎಂದು ಕೇಳುತ್ತ ಹಾಕಿಯೇ ಬಿಡುತ್ತಿದ್ದರು. ಜನ ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯುವವರೆಗೂ ಕೇಳುತ್ತಿದ್ದರು. ಮಗಳ ಚಿಂತೆಯಲ್ಲಿ ಎರಡು ದಿನ ಉಪವಾಸವಿದ್ದ ಅಪ್ಪನೊಬ್ಬ ಆ ಪ್ರಶ್ನೆ ಕೇಳಿಯೇ ಅತ್ತುಬಿಟ್ಟಿದ್ದನ್ನು ನಾನು ನೋಡಿದ್ದೇನೆ. ಮಾವಶಿ ಮಾತ್ರ ಉಣ್ಣುತ್ತಿದ್ದುದು ಎಲ್ಲರೂ ಎದ್ದುಹೋದ ಮೇಲೆ. ನಿಂತುಕೊಂಡೇ, ತಣ್ಣಗಾದ ರೊಟ್ಟಿಯನ್ನು ಶೇಂಗಾ ಹಿಂಡಿಗೆ ಒತ್ತಿಕೊಂಡು, ಒಂದು ಕಣ್ಣು ಬಾಗಿಲ ಮೇಲಿಟ್ಟು.

"ಕುಂತು ಉಣ್ಣಬಾರದೇ ಮಾವಶಿ?" ಎಂದು ಒಮ್ಮೆ ಕೇಳಿದೆ. ಆಗಷ್ಟೇ ಅವರ ಮಗನಿಗೆ ಮ್ಹೈಸಾಳದ ಹುಡುಗಿಯನ್ನು ತಂದಿದ್ದರು. "ಈಗಂತೂ ಸೊಸೆ ಬಂದಿದ್ದಾಳೆ."

"ಸೊಸಿ ಹಾಕತಾಳ್ರಿ ಬಾಯಿ, ಇಲ್ಲನಂಗಿಲ್ಲ. ಆದ್ರ ಒಲಿ ಕಣ್ಣಮುಂದ ಇರತೇತಲ್ಲ. ಉರಿ ಹೆಚ್ಚಾತು ಅನಸ್ತೇತಿ, ಏಳತೇನಿ. ಗಿರಾಕಿ ಬಂತು, ಏಳತೇನಿ." ಸೆರಗಿನಿಂದ ಹಣೆ ಒರೆಸಿಕೊಂಡು ನಕ್ಕರು. "ಒಲಿ ಕಾಣದಂಥ ಊರಾಗ ಕುಂತು ಒಂದೂಟ ಉಣಬೇಕ್ ನೋಡ್ರಿ. ಬಿಸಿದು. ಇನ್ನೊಂದ ಹಾಕಲೇ ಅಂತ ಯಾರರೆ ನನಗ ಕೇಳಬೇಕು."

ನಗುತ್ತಲೇ ಹೇಳಿದ್ದು. ಆದರೆ ನನಗೆ ನಗು ಬರಲಿಲ್ಲ. ಆ ಮಾತು ಅಂದಿನಿಂದ ತುತ್ತಿನ ಜೊತೆಗೇ ಬಾಯಿಗೆ ಬರತೊಡಗಿತು.

ಶಾಲೆಯ ನೇಚರ್ ಕ್ಲಬ್ಬಿನ ಮಕ್ಕಳನ್ನು ಕರೆದುಕೊಂಡು ನಾನು ಚಾಂದೋಲಿಗೆ ಹೋಗಿ ಬಂದಿದ್ದೆ. ಮಳೆಗಾಲದಲ್ಲಿ ಮುಚ್ಚುವ ಆ ಕಾಡು ದೀಪಾವಳಿಯ ಹೊತ್ತಿಗೆ ಹಸಿರು ತೊಳೆದಿಟ್ಟಂತೆ ಇರುತ್ತದೆ. ಆ ರಜೆಯಲ್ಲಿ ಮಾವಶಿಯನ್ನು ಅಲ್ಲಿಗೇ ಕರೆದೊಯ್ಯುವುದೆಂದು ನಿರ್ಧರಿಸಿದೆ. ದವಾಖಾನೆಗೆ ದೀಪಾವಳಿ ಇಲ್ಲ, ಖಾನಾವಳಿ ಮುಚ್ಚುವಂತಿಲ್ಲ. "ನೀವು ಹೋಗ್ರಿ ಅತ್ತಿ, ನಾ ನೋಡ್ಕೊತೇನಿ" ಎಂದು ಸೊಸೆಯೇ ದೂಡಿದಳು.

"ಅಲ್ಲೇನೈತ್ರಿ ನೋಡಾಕ?" ಎಂದರು ಮಾವಶಿ.

"ಬೆಟ್ಟ, ಕಾಡು, ವಾರಣಾ ನದಿಯ ಹಿನ್ನೀರು, ಗವಾ ಅಂದರೆ ಕಾಡೆಮ್ಮೆ. ಅದೃಷ್ಟವಿದ್ದರೆ ಹುಲಿ."

"ಹುಲಿಗಿ ಅಲ್ಲಿ ಯಾರು ಉಣ್ಣಾಕ ಹಾಕತಾರ?"

ಹೊರಡುವ ಬೆಳಿಗ್ಗೆ ಅವರು ಗುಡ್ಡದಂಥ ಗಂಟು ಹೊತ್ತು ಬಂದರು. ಕಟಕ ರೊಟ್ಟಿ, ಹಿಂಡಿ, ಮಡಕಿಕಾಳು, ಮೊಸರಿನ ಗಡಿಗೆ! ಊಟ ಬಡಿಸಿಕೊಳ್ಳಲೆಂದೇ ಹೊರಟವರು ಮೂರು ದಿನದ ಬುತ್ತಿ ಕಟ್ಟಿದ್ದರು. ನನಗೆ ರೇಗಿತು. "ಗುಡ್ಡದಾಗ ಏನ್ ಸಿಗತೇತ್ರಿ, ಕಲ್ಲು?" ಎಂದು ಅವರು ನನಗೇ ಜೋರು ಮಾಡಿದರು. ನಮ್ಮ ಜೀಪಿನ ಡ್ರೈವರ್ ಬೇಡಗ ಊರಿನವನು, ಅವರ ಖಾನಾವಳಿಯ ಹಳೇ ಗಿರಾಕಿ. "ಹೋಟೆಲ್ ನೀವು ನೋಡ್ಕೊರಿ ಬಾಯಿ, ಬುತ್ತಿ ನಾ ನೋಡ್ಕೊತೇನಿ" ಎಂದು ಗಂಟನ್ನು ತನ್ನ ಸೀಟಿನ ಪಕ್ಕದಲ್ಲೇ ಇಟ್ಟುಕೊಂಡ.

ಮೊದಲ ಪ್ರಯತ್ನ ಇಸ್ಲಾಂಪುರದಲ್ಲಿ. ಖಾರದ ಕಾಳಿನ ಮಿಸಳಿಗೆ ಹೆಸರಾದ ಹೋಟೆಲು. ಮಾವಶಿ ಕೂತರು, ತಿಂದರು, ಖಾರ ಚಲೋ ಐತಿ ಎಂದರು. ಬಿಲ್ ಕೊಟ್ಟು ತಿರುಗಿ ನೋಡುತ್ತೇನೆ, ನಮ್ಮ ತಾಟುಗಳ ಜೊತೆ ಪಕ್ಕದ ಟೇಬಲ್ಲಿನವರ ತಾಟುಗಳನ್ನೂ ಪೇರಿಸಿಕೊಂಡು ಒಳಗೆ ಹೊರಟಿದ್ದಾರೆ! ಹೋಟೆಲಿನವನು ಹಿಂದೆ ಓಡಿ ಇಸಿದುಕೊಂಡ.

ಸಂಜೆ ಅಣೆಕಟ್ಟಿನ ಹತ್ತಿರದ ಒಂದು ರಿಸಾರ್ಟ್. ಅಲ್ಲಿಯಾದರೂ ರಾಣಿಯಂತೆ ಕೂರಿಸೋಣವೆಂದರೆ, ಮೈ ಗುಡ್‌ನೆಸ್, ಬಫೆ! ಕೈಯಲ್ಲಿ ತಾಟು ಹಿಡಿದು ಸಾಲಿನಲ್ಲಿ ನಿಂತ ಮಾವಶಿ, "ಇದೇನ್ರಿ, ದವಾಖಾನ್ಯಾಗ ಕೇಸ್ ಪೇಪರ್ ತಗಸೋ ಲೈನ್ ಆತಲ್ಲ" ಎಂದರು. ಅನ್ನದ ಪಾತ್ರೆಯ ತನಕ ಬಂದದ್ದೇ ತಡ, ತಮ್ಮ ತಾಟು ಬದಿಗಿಟ್ಟು ಸೌಟು ಹಿಡಿದು ಹಿಂದಿನವರಿಗೆ ಬಡಿಸತೊಡಗಿದರು. ಪುಣೆಯಿಂದ ಬಂದ ಒಬ್ಬ ಹೆಂಗಸು ಅವರನ್ನು ಅಲ್ಲಿಯ ಸ್ಟಾಫ್ ಎಂದುಕೊಂಡು ಇನ್ನಷ್ಟು ಪನೀರ್ ತರಿಸಲು ಹೇಳಿದಳು. ಮಾವಶಿ ಒಳಗೆ ಹೋಗಿ ತರಿಸಿಯೂ ಬಿಟ್ಟರು. ಅವರು ಉಂಡದ್ದು ಕೊನೆಗೆ, ತಣ್ಣಗಿನದು, ನಿಂತುಕೊಂಡು. ನಾನು ಐಸ್‌ಕ್ರೀಮ್ ಕಪ್ಪನ್ನು ಹಾಗೇ ಟೇಬಲ್ಲಿನ ಮೇಲಿಟ್ಟೆ.

ಮರುದಿನ ಕಾಡಿನ ಗೇಟಿನ ಹತ್ತಿರದ ಹಳ್ಳಿ. ಅಲ್ಲಿ ಹೋಟೆಲೆಂಬುದಿಲ್ಲ. ಬೆಳಿಗ್ಗೆ ಹೋಗುವಾಗ ಒಂದು ಮನೆಯಲ್ಲಿ ಇಷ್ಟು ಜನ ಎಂದು ಹೇಳಿ ಹೋಗಬೇಕು, ಸುತ್ತಾಡಿ ಬರುವ ಹೊತ್ತಿಗೆ ಅಡುಗೆ ಆಗಿರುತ್ತದೆ. ನಾವು ಹೇಳಿ, ಹಿನ್ನೀರಿನ ದಂಡೆಗೆ ಹೋಗಿ, ನೀಲಿ ನೀರಿನಲ್ಲಿ ಬೆಟ್ಟ ತಲೆಕೆಳಗಾಗಿ ನಿಂತದ್ದನ್ನು ನೋಡಿ ಬಂದೆವು. ಮಧ್ಯಾಹ್ನ ಊಟ, ಆಮೇಲೆ ಕಾಡಿನೊಳಗೆ ಜೀಪು, ಸಂಜೆಯ ಬಿಸಿಲಿಗೆ ಸಡಾ ಅಂದರೆ ಮೇಲಿನ ಬಂಡೆಬಯಲು. ಇದು ನನ್ನ ಪ್ರೋಗ್ರ್ಯಾಮ್.

ಪಡಸಾಲೆಯಲ್ಲಿ ಮಣೆ ಹಾಕಿದ್ದರು. ಅಡುಗೆಮನೆ ಗೋಡೆಯ ಆಚೆ. ಒಲೆ ಕಾಣುತ್ತಿರಲಿಲ್ಲ, ತಟ್ಟುವ ಸಪ್ಪಳವಷ್ಟೇ ಕೇಳುತ್ತಿತ್ತು. ಆ ಸಪ್ಪಳಕ್ಕೇ ಮಾವಶಿಯ ಮೊಣಕಾಲು ಎದ್ದವು. ಹೊಸಿಲು ದಾಟುವಷ್ಟರಲ್ಲಿ ಮನೆಯೊಡತಿ ಹಿಟ್ಟಿನ ಕೈಯಲ್ಲೇ ಅಡ್ಡ ನಿಂತಳು. ಕಚ್ಚೆ ಸೀರೆ, ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್‌ಗೂ ಇಲ್ಲದ ದನಿ.

"ಕುಠಂ ಚಾಲಲಾತ? ಬಸಾ ಖಾಲೀ!"

ಎಲ್ಲಿಗೆ ಹೊರಟಿರಿ, ಕೂಡ್ರಿ ಕೆಳಗೆ, ಎಂಬ ಅಪ್ಪಣೆ. ತಾನೂ ಖಾನಾವಳಿಯವಳೇ, ನಾಲ್ಕು ರೊಟ್ಟಿ ತಟ್ಟಿಕೊಡುತ್ತೇನೆ ಎಂದು ಮಾವಶಿ ಮರಾಠಿಯಲ್ಲಿ ಹೇಳಿ ನೋಡಿದರು. ಅದು ನಿಮ್ಮ ಮನೆಯಲ್ಲಿ, ಇದು ನನ್ನ ಮನೆ, ಎಂದಳು ಒಡತಿ. ಇಬ್ಬರೂ ಸೊಂಟಕ್ಕೆ ಕೈ ಕೊಟ್ಟು ನಿಂತರು. ಯಾರೂ ಹಿಂದೆ ಸರಿಯಲೊಲ್ಲರು.

"ಕುಂದ್ರಿ ಮಾವಶಿ" ಎಂದ ಡ್ರೈವರ್. "ಈಕಿ ನಿಮಗಿಂತ ಜೋರ್ ಅದಾಳ."

ಮಾವಶಿ ಕೂತರು. ಸೋತು ಕೂತರು.

ನಾಚಣಿ ರೊಟ್ಟಿ ಬಂತು. ಕಪ್ಪಗೆ, ಉಬ್ಬಿದ್ದು, ಅಂಚು ತುಸು ಸೀದದ್ದು, ಮೇಲೆ ಕರಗುತ್ತಿದ್ದ ಬೆಣ್ಣೆ. ಹುರುಳಿ ಕಾಳಿನ ಉಸಳಿ, ಕುಟ್ಟಿದ ಹಸಿಮೆಣಸಿನಕಾಯಿ. ಮಾವಶಿ ಮುರಿದು ಬಾಯಿಗಿಟ್ಟುಕೊಂಡರು. ಅದು ಮುಗಿಯುವ ಮೊದಲೇ ಒಡತಿ ಬಂದಳು. "ಆಣಖೀ ಏಕ ವಾಢೂ?"

ಇನ್ನೊಂದು ಹಾಕಲೇ... ಮಾವಶಿ ತಲೆ ಎತ್ತಿ ಅವಳ ಮುಖ ನೋಡಿದರು. ರೊಟ್ಟಿ ತಾಟಿಗೆ ಬಿತ್ತು. ಮತ್ತೆ ಬಂದಳು, ಮತ್ತೆ ಕೇಳಿದಳು. ಜೀವಮಾನವಿಡೀ ಎದುರಿನವರ ಅಂಗೈ ತಾಟಿಗೆ ಅಡ್ಡ ಬರುವುದನ್ನು ನೋಡಿದ್ದ ಮಾವಶಿಗೆ ತಮ್ಮ ಅಂಗೈ ಅಡ್ಡ ಹಿಡಿಯಲು ಬರಲಿಲ್ಲ. ಅರ್ಧ ಎತ್ತಿದ ಕೈ ಹಾಗೇ ಕೆಳಗಿಳಿಯಿತು.

"ಬಾಯಿ, ಬ್ಯಾಡ ಅಂತ ಹೆಂಗ ಹೇಳೂದ್ರಿ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಕಣ್ಣು ತುಂಬಿತ್ತು. ಖಾರಕ್ಕೋ ಏನೋ.

"ಹೇಳಬೇಡ್ರಿ" ಎಂದೆ.

ಅವರು ಹೇಳಲಿಲ್ಲ. ಬಡಿಸಿದ್ದೆಲ್ಲವನ್ನೂ ಉಂಡರು. ಮೇಲೆ ಅನ್ನ, ಮಜ್ಜಿಗೆ. ಕೈ ತೊಳೆದು ಕಂಬಕ್ಕೆ ಒರಗಿದವರು, ನಾನು ಏನೋ ಹೇಳುತ್ತಿರುವಾಗಲೇ, ನಿದ್ದೆ ಹೋದರು. ಬಾಯಿ ಸ್ವಲ್ಪ ತೆರೆದುಕೊಂಡು, ಮಗುವಿನಂತೆ.

ಜೀಪಿನ ಹೊತ್ತಾಯಿತು. "ಎಬ್ಬಸ್ರಿ ಬಾಯಿ, ಗೇಟ್ ಮುಚ್ಚತಾರ. ಗವಾ ಕಾಣೂ ಹೊತ್ತ ಇದ" ಎಂದು ಡ್ರೈವರ್ ಅಂಗಳದಲ್ಲಿ ಚಡಪಡಿಸಿದ. ನಾನು ಭುಜದ ತನಕ ಕೈ ಒಯ್ದೆ. ಟು ಬಿ ಫ್ರ್ಯಾಂಕ್, ಆ ಬಂಡೆಬಯಲಿನ ಸೂರ್ಯಾಸ್ತದ ಆಸೆ ನನಗೂ ಇತ್ತು, ಅದಕ್ಕಾಗಿಯೇ ಕ್ಯಾಮೆರಾ ತಂದಿದ್ದೆ. ಆದರೆ ಈ ಹೆಂಗಸು ಹಗಲು ನಿದ್ದೆ ಮಾಡಿದ್ದನ್ನು ಮಿರಜದಲ್ಲಿ ಯಾರೂ ಕಂಡಿರಲಿಲ್ಲ. ಕೈ ಹಿಂದೆಗೆದುಕೊಂಡೆ. ಒಡತಿ ಒಂದು ಕಂಬಳಿ ಮಡಚಿ ತಂದು, ಎಚ್ಚರವಾಗದಂತೆ ಅವರ ತಲೆಯ ಕೆಳಗೆ ಸೇರಿಸಿದಳು. ಡ್ರೈವರ್ ಗೊಣಗುತ್ತ ಬುತ್ತಿ ಬಿಚ್ಚಿದ. ಬೆಟ್ಟದ ನೆರಳು ಮೆಲ್ಲಗೆ ಇಳಿದು ಅಂಗಳ ದಾಟಿ ಪಡಸಾಲೆಯ ಮೆಟ್ಟಿಲ ತನಕ ಬಂತು. ಅಂದು ನನಗಾದ ಸೈಟ್ ಸೀಯಿಂಗ್ ಅಷ್ಟೇ.

ಎಚ್ಚರಾದಾಗ ಮಾವಶಿ ಗಾಬರಿಯಿಂದ "ಒಲಿ!" ಎಂದರು. ಆಮೇಲೆ ಸುತ್ತ ನೋಡಿ, ನಮ್ಮನ್ನು ನೋಡಿ, ನಾಚಿಕೊಂಡರು. "ಗುಡ್ಡ ತಪ್ಪತೇನ್ರಿ ನಿಮಗ?"

"ಗುಡ್ಡ ಎಲ್ಲಿ ಹೋಗತೇತಿ ಮಾವಶಿ. ನಾಳೆ ನೋಡೋಣು" ಎಂದೆ. ಅವರ ಮಾತಿನ ಧಾಟಿ ನನ್ನ ಬಾಯಲ್ಲಿ ತಾನಾಗಿ ಬಂತು.

ಮರುದಿನ ನಸುಕಿನಲ್ಲಿ ಹೋದೆವು. ಹುಲ್ಲಿನ ಮೇಲೆ ಮಂಜು, ದೂರದಲ್ಲಿ ಬಂಡೆಗಳಂತೆ ನಿಂತು ಆಮೇಲೆ ನಡೆಯತೊಡಗಿದ ಕಾಡೆಮ್ಮೆಗಳು. ಬಯಲಿನ ಅಂಚಿನಲ್ಲಿ ನೆಲ ಥಟ್ಟನೆ ಮುಗಿದು, ಬಹಳ ಕೆಳಗೆ ಕೊಂಕಣ. ಮಾವಶಿ ಸೆರಗು ಬಿಗಿದು ಹೊದ್ದುಕೊಂಡು ಬಹಳ ಹೊತ್ತು ನೋಡಿದರು.

"ಕೆಳಗ ಹೊಗಿ ಏಳಾಕತ್ತೇತಿ ನೋಡ್ರಿ. ಯಾರೋ ರೊಟ್ಟಿ ಮಾಡಾಕತ್ತಾರ" ಎಂದರು. ಬಂಡೆಯ ಮೇಲೆ ಕೂತುಕೊಂಡು, "ಮಾಡ್ಲಿ ಬಿಡ್ರಿ" ಎಂದರು.

ಊರಿಗೆ ಬಂದ ಮೇಲೆ ಎಲ್ಲ ಬದಲಾಯಿತು ಎಂದೇನಿಲ್ಲ. ಆದರೆ ಮಧ್ಯಾಹ್ನದ ಗದ್ದಲ ತಗ್ಗಿದಾಗ ಒಮ್ಮೊಮ್ಮೆ ಮಣೆ ಎಳೆದುಕೊಂಡು ಕೂತು, "ಬಿಸಿದು ತಾ" ಎಂದು ಸೊಸೆಗೆ ಹೇಳುತ್ತಿದ್ದರು. ತಾವು ಉಂಡಾದ ಮೇಲೆ ಅದೇ ಮಣೆಯ ಮೇಲೆ ಅವಳನ್ನು ಕೂರಿಸುತ್ತಿದ್ದರು. ಏಳಹೋದರೆ ಭುಜ ಒತ್ತಿ, "ಬಸಾ ಖಾಲೀ!" ಎಂದು ಆ ಹಳ್ಳಿಯವಳ ದನಿಯಲ್ಲೇ ಗದರುತ್ತಿದ್ದರು. ಹಾಗೆ ಕೆಲವು ವರ್ಷ... ಆಮೇಲೆ ಒಂದು ಮಳೆಗಾಲದ ಕೊನೆಗೆ, ಹೆಚ್ಚು ದಿನ ಮಲಗದೆ ಹೋಗಿಬಿಟ್ಟರು. ನಾನು ರಿಟೈರ್ ಆಗಿದ್ದೆ. ಆ ಗಲ್ಲಿಗೆ ಹೋಗುವುದು ಕಡಿಮೆಯಾಯಿತು. ಹೋದರೂ ಒಲೆಯ ಕಡೆ ಬೆನ್ನು ಮಾಡಿ ಕೂರುತ್ತಿದ್ದೆ.

ಕಳೆದ ವಾರ ಸೊಸೆಯೇ ಮನೆಗೆ ಬಂದಿದ್ದಳು. ಅವಳ ಕೂದಲೂ ಈಗ ಬೆಳ್ಳಗಾಗಿದೆ. ಈ ದೀಪಾವಳಿಗೆ ಖಾನಾವಳಿಯನ್ನು ಮಗನಿಗೆ ಒಪ್ಪಿಸಿ, ತನ್ನ ಜೊತೆ ರೊಟ್ಟಿ ತಟ್ಟುವ ಹೆಂಗಸರನ್ನು ಕರೆದುಕೊಂಡು ಚಾಂದೋಲಿಗೆ ಹೊರಟಿದ್ದಾಳಂತೆ. ಏನು ನೋಡಬೇಕು, ಎಲ್ಲಿ ಉಣ್ಣಬೇಕು, ನೀವೇ ಹೇಳಬೇಕು, ಬರಲೂ ಬೇಕು ಎಂದಳು.

ಟೀಚರಿಗೆ ಇನ್ನೇನು ಬೇಕು? ಶುರು ಮಾಡಿದೆ. ಇಸ್ಲಾಂಪುರದಲ್ಲಿ ಮಿಸಳ ತಿನ್ನಿ, ಬಫೆಯ ಹತ್ತಿರ ಸುಳಿಯಬೇಡಿ, ಹಿನ್ನೀರು ಬೆಳಿಗ್ಗೆಯೇ ಚೆಂದ, ಬಂಡೆಬಯಲಿಗೆ ನಸುಕಿನಲ್ಲಿ ಹೋಗಬೇಕು, ಮೇಲೆ ಥಂಡಿ ಇರುತ್ತದೆ...

ಅವಳು ಎಲ್ಲಕ್ಕೂ ಹೂಂಗುಟ್ಟಿದಳು. ಆಮೇಲೆ ಹೇಳಿದಳು: "ಗುಡ್ಡ ಆಮ್ಯಾಲೆ ನೋಡೋಣ್ರಿ ಬಾಯಿ. ಮೊದಲ ನಮ್ಮತ್ತಿ ಕುಂತು ಉಂಡ ಜಾಗಾ ತೋರಸ್ರಿ."

ಆ ಮನೆ ಇದೆಯೋ, ಬಿದ್ದು ಸಿಮೆಂಟಿನದು ಎದ್ದಿದೆಯೋ ಗೊತ್ತಿಲ್ಲ. ಒಡತಿಯ ಹೆಸರು ಕೂಡ ಅಂದು ಕೇಳಿಕೊಂಡಿರಲಿಲ್ಲ. ಬದುಕಿದ್ದರೆ ನನಗಿಂತ ಹಿರಿಯಳು. ಮಾವಶಿಯಂತೂ ಇಲ್ಲ. ಆದರೂ ದಾರಿ ನೆನಪಿದೆ, ಪಡಸಾಲೆಯ ಯಾವ ಕಂಬ ಎಂಬುದೂ ನೆನಪಿದೆ. ಸ್ವೆಟರನ್ನು ಬಿಸಿಲಿಗೆ ಹಾಕಿದ್ದೇನೆ.