ಗೋಡೆಗೆ ಮುಖ ಮಾಡಿ ಆರಿಸುವ ಡೋಲು

ಮೊಂಡು ಚಾಕುವಿನ ಎರಡೂ ತುದಿ ಹಿಡಿದು ಡಿಂಪ್ನಾ ಕಾನ್ಸಿಡೀನ್ ತೊಗಲಿನ ಮೇಲೆ ಬಲವಾಗಿ ಎಳೆಯುತ್ತಾರೆ. ಸುಣ್ಣದ ನೀರಲ್ಲಿ ನೆನೆದ ಮೇಕೆಯ ಕೂದಲು ಒದ್ದೆ ಹುಲ್ಲಿನಂತೆ ಕಳಚಿ ಕಾಲ ಬಳಿ ಬೀಳುತ್ತದೆ. ಹೊರಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಸಮುದ್ರದ ಗಾಳಿ ರಾತ್ರಿಯಿಂದ ತಗಡಿನ ಬಾಗಿಲನ್ನು ದೂಡುತ್ತಲೇ ಇದೆ. ಈ ಸಲ ದೂಡಿದ್ದು ಗಾಳಿಯಲ್ಲ, ಫ್ಲಾನ್ ಲಿಲ್ಲಿಸ್. ಕೋಟು ಕಳಚಿ ಅದರಲ್ಲಿ ಏನನ್ನೋ ಸುತ್ತಿ ತಂದಿದ್ದಾರೆ. ತಾವು ಮಾತ್ರ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದಾರೆ.

"ಹೋಯ್ತು ಕಣೇ," ಅನ್ನುತ್ತಾರೆ.

ಕೋಟು ಬಿಚ್ಚಿದರೆ ಬೌರಾನ್. ಮರದ ಬಳೆಯ ಒಂದೇ ಮುಖಕ್ಕೆ ಮೇಕೆತೊಗಲು ಬಿಗಿದ, ತೊಡೆಯ ಮೇಲೆ ನಿಲ್ಲಿಸಿ ಗಿಡ್ಡ ಕಡ್ಡಿಯಲ್ಲಿ ಬಾರಿಸುವ ಡೋಲು. ಹೋದ ವಾರವಷ್ಟೇ ಇದೇ ಕೊಟ್ಟಿಗೆಯಿಂದ ಹೋದದ್ದು. ತೊಗಲು ನಡುವಿನಿಂದ ಅಂಚಿನವರೆಗೆ ಬಾಯಿ ಬಿಟ್ಟಿದೆ.

"ಒಲೆ ಹತ್ರ ಇಟ್ಟಿದ್ಯಾ?"

"ಅಪ್ಪ ಇಡ್ತಿದ್ರು."

"ನಿಮ್ಮಪ್ಪನ ಡೋಲಿನ ತೊಗಲು ಬೂಟಿನ ಅಟ್ಟೆಯಷ್ಟು ದಪ್ಪ ಇತ್ತು ಮಾರಾಯ. ಇದು ತೆಳು. ಮೊದ್ಲೇ ತಿರುಪು ಬಿಗಿ ಮಾಡಿದ್ದೀಯ, ಮೇಲಿಂದ ಬೆಂಕಿ ಕಾಯ್ಸಿದ್ದೀಯ. ಮತ್ತೇನು ಮಾಡೀತು ಅದು?"

"ಥಂಡಿಗೆ ಸಡಿಲ ಆಗಿತ್ತು. ನಾಳೆ ಭಾನುವಾರ, ಡಿಂಪ್ನಾ."

ಡಿಂಪ್ನಾ ಚಾಕು ಕೆಳಗಿಡುತ್ತಾರೆ. ಆ ಭಾನುವಾರದ ವಿಷಯ ಕ್ವಿಲ್ಟಿ ಊರಿನ ಈ ಕಡಲ ದಂಡೆಯಲ್ಲಿ ಯಾರಿಗೆ ಗೊತ್ತಿಲ್ಲ? ಟೋಮ್ಸಿಯ ಪಬ್ಬಿನಲ್ಲಿ ಭಾನುವಾರ ಮಧ್ಯಾಹ್ನ ವಾದ್ಯದವರು ದುಂಡಗೆ ಕೂರುತ್ತಾರೆ. ಕಿಟಕಿ ಪಕ್ಕದ ಕುರ್ಚಿ ಫ್ಲಾನ್ ಅವರದು. ಅಲ್ಲಿ ಕೂತು ಅವರು ಕನ್ಸರ್ಟೀನಾ ಎಂಬ, ಎರಡೂ ಕೈಯಲ್ಲಿ ಹಿಗ್ಗಿಸಿ ಕುಗ್ಗಿಸುತ್ತ ಗುಂಡಿ ಒತ್ತುವ ವಾದ್ಯ ನುಡಿಸುತ್ತಿದ್ದರು. ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿಯಿತು. ಈಗ ಎಡಗೈ ಚಲಿಸುತ್ತದೆ, ಒತ್ತುತ್ತದೆ, ಆದರೆ ಬೆರಳುಗಳು ಬೇರೆಬೇರೆಯಾಗಿ ಗುಂಡಿಗಳನ್ನು ಹುಡುಕಲು ಒಲ್ಲವು. ಪಿಟೀಲಿನ ಪೇಕಿ ಅಂದಿನಿಂದ ಆ ಕುರ್ಚಿಯ ಮೇಲೆ ತಮ್ಮ ಟೋಪಿ ಇಟ್ಟು ಜಾಗ ಕಾದಿದ್ದಾರೆ. ಈಗ ಊರಿಗೆ ಹೊಸದಾಗಿ ಬಂದ ಕೊಳಲಿನವರೊಬ್ಬರು ಜಾಗ ಕೇಳಿದ್ದಾರೆ. "ಈ ಭಾನುವಾರ ಏನಾದ್ರೂ ಹಿಡ್ಕೊಂಡು ಬಾ ಫ್ಲಾನ್. ಬರ್ಲಿಲ್ಲ ಅಂದ್ರೆ ಟೋಪಿ ತೆಗೀತೀನಿ," ಎಂದು ಪೇಕಿ ಹೇಳಿ ಕಳಿಸಿದ್ದಾರೆ.

ಇಲ್ಲಿ ಕೊಟ್ಟಿಗೆ ಎಂದರೆ ಒಂದು ಸುಣ್ಣದ ತೊಟ್ಟಿ, ಒಂದು ಮೇಜು, ಗೋಡೆ ತುಂಬ ಮರದ ಬಳೆಗಳು. ಡಿಂಪ್ನಾ ಮೊದಲು ಮೀನಿನ ಕಾರ್ಖಾನೆಯಲ್ಲಿದ್ದವರು. ಅದು ಮುಚ್ಚಿದಾಗ ಸೋದರಮಾವನ ಬಳಿ ತೊಗಲು ಹದ ಮಾಡುವುದನ್ನು ಕಲಿತರು. "ಮೀನಿನ ವಾಸನೆ ಹೋಗಿ ಮೇಕೆ ವಾಸನೆ ಬಂತು. ಚರ್ಚಲ್ಲಿ ನನ್ನ ಬೆಂಚು ಯಾವಾಗ್ಲೂ ಖಾಲಿ. ಕಾಲು ಚಾಚ್ಕೊಂಡು ಕೂರ್ಬೋದು," ಎಂದು ನಗುತ್ತಾರೆ. ಸುಣ್ಣ ತಿಂದ ಬೆರಳ ಗೆಣ್ಣುಗಳಲ್ಲಿ ಬಿರುಕುಗಳಿವೆ. ಪ್ರತಿ ರಾತ್ರಿ ಕುರಿಯ ಉಣ್ಣೆಯ ಜಿಡ್ಡು ಸವರಿಕೊಂಡು ಮಲಗುತ್ತಾರೆ. ಅವರ ಡೋಲುಗಳು ಪೇಟೆಯ ಅಂಗಡಿಗಳಲ್ಲಿ ಬಳ್ಳಿಯ ಚಿತ್ರ ಬರೆಸಿಕೊಂಡು ನೇತಾಡುತ್ತವೆ, ಮಾಡಿದವರ ಹೆಸರು ಎಲ್ಲೂ ಇರುವುದಿಲ್ಲ. ಯಾಕೆ ಬರೆಯುವುದಿಲ್ಲ ಎಂದು ಕೇಳಿದರೆ, "ಬರೆದ್ರೆ ಸದ್ದು ಬದ್ಲಾಗುತ್ತಾ?" ಅನ್ನುತ್ತಾರೆ.

ಹೊಸಬರು ಡೋಲು ಕೇಳಿಕೊಂಡು ಬಂದರೆ ಅವರನ್ನು ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂರಿಸುವುದು ಡಿಂಪ್ನಾ ಅವರ ಕ್ರಮ. ಬೆನ್ನ ಹಿಂದೆ ಒಂದೊಂದೇ ಡೋಲು ಬಾರಿಸುತ್ತಾರೆ. ಕಿವಿ ಒಪ್ಪಿದ್ದನ್ನು ಕೈಗೆ ಕೊಡುತ್ತಾರೆ. ಹೋದ ವಾರ ಫ್ಲಾನ್ ಆ ಸ್ಟೂಲಿನ ಮೇಲೆ ಕೂರಲಿಲ್ಲ. ಕ್ರಿಸ್‌ಮಸ್ ಮರುದಿನ ಊರಿನ ಪದ್ಧತಿಯಂತೆ ಹುಲ್ಲಿನ ಟೋಪಿ ಹಾಕಿಕೊಂಡು ಮನೆಮನೆ ಸುತ್ತುವಾಗ ಅಪ್ಪ ಹೊರುತ್ತಿದ್ದಂಥದ್ದೇ ಬೇಕು ಎಂದು, ಹಿಂಬದಿಯಲ್ಲಿ ಅಡ್ಡಪಟ್ಟಿ ಇದ್ದ ಅತಿ ದೊಡ್ಡದನ್ನು ಎತ್ತಿಕೊಂಡು ಹೋದರು.

"ಕೂತ್ಕೋ," ಅನ್ನುತ್ತಾರೆ ಈಗ ಡಿಂಪ್ನಾ.

"ಹರಿದಿದ್ದಕ್ಕೇ ಬೇರೆ ತೊಗಲು ಹಾಕ್ಕೊಡು."

"ಹಾಕಿದ್ರೆ ನಾಳೆಗೆ ಒಣಗಲ್ಲ. ಒಣಗಿದ್ರೂ ನಿಂಗಾಗಲ್ಲ. ಗೋಡೆ ಕಡೆ ತಿರುಗು."

ಫ್ಲಾನ್ ತಿರುಗುತ್ತಾರೆ. ಮೊದಲ ಡೋಲು ಗಡುಸಾಗಿ ಕೂಗುತ್ತದೆ. "ಬಾಗ್ಲು ಬಡಿದಂಗಿದೆ." ಎರಡನೆಯದಕ್ಕೆ ತಲೆ ಅಲ್ಲಾಡಿಸುತ್ತಾರೆ. ಇನ್ನೊಂದಕ್ಕೆ ಬೇಡ ಅನ್ನುತ್ತಾರೆ. ಮುಂದಿನದನ್ನು ಡಿಂಪ್ನಾ ಮೆಲ್ಲಗೆ ಬಾರಿಸುತ್ತಾರೆ. ಹಿಂದಿನಿಂದ ಅಂಗೈ ಒತ್ತಿ ಜಾರಿಸಿದಾಗ ಸದ್ದು ಕೆಳಗಿನಿಂದ ಮೇಲಕ್ಕೆ, ಯಾರೋ ನಿದ್ದೆಯಲ್ಲಿ ಮಾತಾಡಿದಂತೆ ಏರುತ್ತದೆ. ಫ್ಲಾನ್ ಅವರ ಬಲಗಾಲು ನೆಲ ತಟ್ಟಲು ಶುರುಮಾಡುತ್ತದೆ.

"ಅದು," ಅನ್ನುತ್ತಾರೆ.

ತಿರುಗಿ ನೋಡಿದರೆ ಹೋದ ವಾರ ತಾವೇ "ಮೊರ ಇದ್ದಂಗಿದೆ" ಎಂದು ಹೀಯಾಳಿಸಿದ್ದ ಪುಟ್ಟ ಡೋಲು. ಬಣ್ಣವಿಲ್ಲ, ಚಿತ್ರವಿಲ್ಲ. ಮೇಕೆಯ ಬೆನ್ನುಮೂಳೆ ಹಾದ ಕಡೆ ತೊಗಲಿನ ಮೇಲೆ ಕಪ್ಪು ಗೆರೆ.

"ಇದು ಮಸಿ ಬಳ್ದಂಗಿದೆಯಲ್ಲೇ."

"ಆ ಗೆರೆ ಇರೋ ಕಡೆ ತೊಗಲು ದಪ್ಪ. ಕೆಳಗಿನ ಸದ್ದು ಅಲ್ಲಿಂದ್ಲೇ ಬರೋದು. ಕೈ ಒಳಗೆ ಹಾಕು."

ಇದರ ಹಿಂದೆ ಅಡ್ಡಪಟ್ಟಿ ಇಲ್ಲ. ಎಡಗೈ ಎಲ್ಲೂ ಸಿಕ್ಕಿಕೊಳ್ಳದೆ ತೊಗಲಿಗೆ ತಾಗುತ್ತದೆ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಈ ಕೆಲಸಕ್ಕೆ ಅವು ಹಾಗೆಯೇ ಇದ್ದರೆ ಸಾಕು.

"ಒತ್ತು. ಮೇಲಕ್ಕೆ ಜಾರ್ಸು. ಅವಸರ ಮಾಡ್ಬೇಡ."

ಬಲಗೈ ಕಡ್ಡಿ ಆಡಿಸುತ್ತದೆ, ಎಡಗೈ ತೊಗಲಿನ ಹಿಂದೆ ನಿಧಾನವಾಗಿ ಏರುತ್ತದೆ. ಸದ್ದೂ ಜೊತೆಗೇ ಏರುತ್ತದೆ. ಹೊರಡುವಾಗ ಫ್ಲಾನ್ ಅವರ ಕಿಸೆಗೆ ಒಂದು ಬಟ್ಟೆ ತುಂಡು ತುರುಕುತ್ತಾರೆ ಡಿಂಪ್ನಾ. "ತುಂಬ ಬಿಗಿಯಾದ್ರೆ ಒದ್ದೆ ಬಟ್ಟೇಲಿ ಒಳಗಡೆ ಒರೆಸು. ಸಡಿಲ ಆದ್ರೆ ತಿರುಪು, ಒಂಚೂರೇ. ಒಲೆ ಕಡೆ ತಿರುಗಿ ನೋಡಿದ್ರೆ ನಿನ್ನ ತೊಗಲು ಸುಲೀತೀನಿ."

ಭಾನುವಾರ ಟೋಮ್ಸಿಯ ಪಬ್ಬಿನಲ್ಲಿ ಕುರ್ಚಿಯ ಮೇಲೆ ಟೋಪಿ ಇನ್ನೂ ಇದೆ. ಕೊಳಲಿನವರು ಬಾಗಿಲ ಬಳಿ ನಿಂತಿದ್ದಾರೆ. ಪೇಕಿ ಟೋಪಿ ಎತ್ತಿ, ಫ್ಲಾನ್ ಕೈಯಲ್ಲಿರುವುದನ್ನು ಕಂಡು, "ಅಯ್ಯೋ, ಡೋಲಾ! ಆ ಮೇಕೆ ಬದುಕಿದ್ದಾಗ್ಲಾದ್ರೂ ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕ್ತಿತ್ತೇನೋ," ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ಬೌರಾನಿನವರಿಗೆ ಇಲ್ಲಿ ಸಿಗುವ ಸ್ವಾಗತವೇ ಇದು. ಫ್ಲಾನ್ ಕೂರುತ್ತಾರೆ. ಕರೆಯದೆ ಬಾರಿಸುವಂತಿಲ್ಲ, ಮೊದಲ ಹಾಡು ಸುಮ್ಮನೆ ಕೇಳುತ್ತಾರೆ, ಮುಂದಿನದನ್ನೂ. ಆಮೇಲೆ ಪಿಟೀಲಿನ ಮೇಲಿಂದ ಪೇಕಿ ಹುಬ್ಬು ಹಾರಿಸುತ್ತಾರೆ.

ಅಲ್ಲಲ್ಲಿ ಕಡ್ಡಿ ತಪ್ಪುತ್ತದೆ. ಕೈ ತಪ್ಪುವುದಿಲ್ಲ. ಕುಣಿತದ ಹಾಡು ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಡೋಲಿನ ಸದ್ದು ಪಿಟೀಲಿನ ಅಡಿಗೆ ಹೊಕ್ಕು ಅದನ್ನು ಎತ್ತಿ ಹಿಡಿದಿರುತ್ತದೆ. ಪೇಕಿ ಕಣ್ಣು ಮುಚ್ಚಿದ್ದಾರೆ. ಬಾಗಿಲಿಗೆ ಒರಗಿದ್ದ ಕೊಳಲಿನವರಿಗೆ ಟೋಮ್ಸಿ ಒಳಗಿನಿಂದ ಇನ್ನೊಂದು ಸ್ಟೂಲು ತಂದುಕೊಡುತ್ತಾರೆ.

ಡಿಂಪ್ನಾ ಗೋಡೆ ಪಕ್ಕ ಚಹಾದ ಕಪ್ಪು ಹಿಡಿದು ನಿಂತಿದ್ದಾರೆ. ಹಾಡು ಮುಗಿದಾಗ ಫ್ಲಾನ್ ಅವರತ್ತ ತಿರುಗುತ್ತಾರೆ, ಎದ್ದು ನಿಲ್ಲುತ್ತಾರೆ, ಡೋಲನ್ನು ಕುರ್ಚಿಯ ಮೇಲಿಟ್ಟು ಕಡ್ಡಿ ಚಾಚುತ್ತಾರೆ.

"ಬಾರೇ ಡಿಂಪ್ನಾ. ಊರಿಗೆಲ್ಲ ಡೋಲು ಮಾಡಿ ಕೊಡ್ತೀಯ. ಒಂದು ಹಾಡಿಗಾದ್ರೂ ಇಲ್ಲಿ ಕೂತ್ಕೋ."

ಪೇಕಿ ಮೇಜು ತಟ್ಟುತ್ತಾರೆ. ಟೋಮ್ಸಿ ಶಿಳ್ಳೆ ಹಾಕುತ್ತಾರೆ. ಜನ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ.

ಡಿಂಪ್ನಾ ಕುರ್ಚಿ ನೋಡುತ್ತಾರೆ. ಆಮೇಲೆ ಕಪ್ಪು ನೋಡಿ, ಉಳಿದ ಚಹಾ ಕುಡಿದು ಮುಗಿಸುತ್ತಾರೆ.

"ಇಲ್ಲ," ಅನ್ನುತ್ತಾರೆ. "ನಾನು ಕೂರಲ್ಲ. ಡೋಲು ಹೇಗಿದೆ ಅಂತ ಈ ಗೋಡೆ ಪಕ್ಕದಿಂದ್ಲೇ ಸರಿಯಾಗಿ ಕೇಳ್ಸೋದು."