ಓರೆ ಬೆಳಕಿಗೆ ಸಿಕ್ಕ ಸೀಲಿಂಗು

ನನ್ನ ಬಾಯಿ ಸ್ವಲ್ಪ ಜೋರು. ಮದುವೆಯಾದಾಗಿನಿಂದ ಗಂಡನ ಒಂದೊಂದು ಕೆಲಸದಲ್ಲೂ ಕೊಂಕು ತೆಗೆಯುತ್ತಲೇ ಬಂದವಳು. ಅವರೂ ಸುಮ್ಮನಿರುವವರಲ್ಲ, ಸರಿಯಾಗಿಯೇ ತಿರುಗಿಸಿ ಕೊಡುತ್ತಿದ್ದರು. ಹೋದ ವರ್ಷ ಅವರ ಕಣ್ಣು ಮಂಜಾಯಿತು. ನೋಟದ ಅಂಚಿನಲ್ಲಿ ಇರುವುದು ಅಷ್ಟಿಷ್ಟು ಕಾಣುತ್ತದೆ, ನಡುವೆ ಇರುವುದು ಕಾಣುವುದಿಲ್ಲ. ಇದು ಇನ್ನು ಸರಿಹೋಗುವುದಲ್ಲ ಎಂದು ಡಾಕ್ಟರು ಹೇಳಿದ ದಿನದಿಂದ ನನ್ನ ಬಾಯಿಗೆ ಬೀಗ ಬಿತ್ತು. ನಿವೃತ್ತರಾದ ಮೇಲೆ ಮನೆಯಲ್ಲಿ ಸಾರು ಮಾಡುವವರು ಅವರೇ. ಎರಡೆರಡು ಸಲ ಉಪ್ಪು ಬಿದ್ದರೂ ‘ಚೆನ್ನಾಗಿದೆ’ ಎಂದು ಉಣ್ಣತೊಡಗಿದೆ.

ನಮ್ಮ ಮನೆ ವಿಮಾನಪುರದ ಹತ್ತಿರ. ಅವರು ವಿಮಾನ ಕಾರ್ಖಾನೆಯಲ್ಲಿ ತಗಡು ಬಡಿದು ನಯ ಮಾಡುತ್ತಿದ್ದವರು. ಈ ಮಳೆಗಾಲದಲ್ಲಿ ತಾರಸಿ ಸೋರಿ, ಮಲಗುವ ಕೋಣೆಯ ಸೀಲಿಂಗಿನ ಗಾರೆ ಮಂಚದ ಮೇಲೇ ಉದುರಿತು. ಬೈಯಪ್ಪನಹಳ್ಳಿಯಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿರುವ ಕಲಬುರಗಿ ಕಡೆಯ ಮೇಸ್ತ್ರಿ ಬಂದು ಸೋರಿಕೆ ನಿಲ್ಲಿಸಿ, ಹೊಸ ಗಾರೆ ಹಾಕಿದ. ಮೇಲೊಂದು ತೆಳು ಪುಟ್ಟಿ ಹಚ್ಚಿ ನುಣುಪು ಮಾಡುವುದಷ್ಟೇ ಉಳಿದಿತ್ತು.

“ಅದನ್ನ ನಾನೇ ಹಚ್ತೀನಿ” ಎಂದರು ಇವರು.

ಹಳೆಯ ನಾನಾಗಿದ್ದರೆ ಮನೆ ತಲೆಕೆಳಗು ಮಾಡುತ್ತಿದ್ದೆ. ಈಗ “ಆಗ್ಲಿ” ಎಂದುಬಿಟ್ಟೆ.

ಎರಡು ಗಟ್ಟಿ ಮೇಜಿನ ಮೇಲೆ ಮೇಸ್ತ್ರಿಯ ಅಗಲದ ಹಲಗೆ ಹಾಕಿ ಇವರು ಹತ್ತಿದರು, ಕೆಳಗೆ ನಾನು ಹಿಡಿದು ನಿಂತೆ. ಪುಟ್ಟಿಯನ್ನು ಗಟ್ಟಿ ಮೊಸರಿನ ಹದಕ್ಕೆ ಕಲಸಿಕೊಂಡು, ಅಗಲದ ಬ್ಲೇಡಿನಲ್ಲಿ ಒಂದೇ ದಿಕ್ಕಿಗೆ ಎಳೆದರು. ಒಣಗಿದ ಮೇಲೆ ಅಡ್ಡಡ್ಡಕ್ಕೆ ಇನ್ನೊಂದು ಕೈ, ಇನ್ನೂ ತೆಳ್ಳಗೆ. ಆಮೇಲೆ ಉಪ್ಪುಕಾಗದದಿಂದ ಉಜ್ಜಿದರು. ಕಣ್ಣಿಗೆ ಕಾಣದ್ದನ್ನು ಅಂಗೈಯಿಂದ ನೋಡುತ್ತಿದ್ದರು. ಹಳೆಯ ಬನಿಯನ್ ತುಂಡನ್ನು ಅಂಗೈಗೆ ಸುತ್ತಿ ಸವರಿದರೆ ಸಣ್ಣ ಉಬ್ಬೂ ಗೊತ್ತಾಗುತ್ತದಂತೆ. ಕಾರ್ಖಾನೆಯಲ್ಲಿ ತಗಡನ್ನು ಹಾಗೇ ನೋಡುತ್ತಿದ್ದರಂತೆ. ಇಷ್ಟು ವರ್ಷ ಜೊತೆಗಿದ್ದೂ ನನಗದು ಗೊತ್ತಿರಲಿಲ್ಲ.

ಕೆಲಸ ಮುಗಿದ ಮೇಲೆ ಹಲಗೆ ಒಯ್ಯಲು ಮೇಸ್ತ್ರಿ ಬಂದ. “ಹೆಂಗಾಗಿದೆಯಪ್ಪಾ?” ಎಂದು ಇವರು ಕೇಳಿದರು. “ಭಾಳ ಛಲೋ ಆಗ್ಯಾದ್ರಿ ಕಾಕಾ” ಎಂದ. ಇಂದಿರಾನಗರದಿಂದ ಬಂದ ಮಗಳು ಬಾಗಿಲಲ್ಲೇ ನಿಂತು “ಸೂಪರ್ ಅಪ್ಪಾ!” ಎಂದು ಚಪ್ಪಾಳೆ ತಟ್ಟಿದಳು.

ಇಬ್ಬರೂ ಹೋದ ಮೇಲೆ ಇವರು ಮಂಚದ ತುದಿಯಲ್ಲಿ ಕೂತರು. ಮುಖ ಸಪ್ಪಗಿತ್ತು.

“ಫ್ಯಾಕ್ಟರೀಲಿ ಒಂದಿನಾನೂ ನನ್ನ ಕೆಲಸ ಒಂದೇ ಸಲಕ್ಕೆ ಪಾಸಾಗಿರ್ಲಿಲ್ಲ ಕಣೇ. ಈಗ ಏನ್ ಮಾಡಿದ್ರೂ ಪಾಸು.”

ಸಾರಿನ ವಿಷಯವೂ ಅವರಿಗೆ ಗೊತ್ತಿತ್ತು ಅನ್ನಿಸಿತು.

“ಟಾರ್ಚ್ ತಗೊಂಡು ಗೋಡೆ ಪಕ್ಕದಿಂದ ಓರೆಯಾಗಿ ಬಿಡು. ನೀನು ನೋಡಿ ಹೇಳು” ಎಂದರು.

ಪರದೆ ಎಳೆದು ಟಾರ್ಚ್ ಬಿಟ್ಟೆ. ಹಗಲ ಬೆಳಕಿನಲ್ಲಿ ಹಾಲಿನಂತೆ ಕಂಡಿದ್ದ ಸೀಲಿಂಗಿನಲ್ಲಿ ಫ್ಯಾನಿನ ಪಕ್ಕ ಉದ್ದಕ್ಕೆ ಉಬ್ಬಿದ ಒಂದು ಏಣು ಎದ್ದು ಕಂಡಿತು. ಹಲಗೆ ಮುಗಿಯುವ ಕಡೆ ಕೈ ಚಾಚಿ ಹಚ್ಚಿದ್ದ ಜಾಗ. ಬಣ್ಣ ಬಳಿದು ಫ್ಯಾನ್ ತಿರುಗಿದರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ, ಅವರ ಕಣ್ಣಿಗಂತೂ ಇಲ್ಲವೇ ಇಲ್ಲ. ‘ಚೆನ್ನಾಗಿದೆ’ ಎನ್ನುವುದು ನಾಲಿಗೆ ತುದಿಗೆ ಬಂದಿತ್ತು. ಅವರು ನನ್ನ ಕಡೆ ಮುಖ ಮಾಡಿ ಕಾಯುತ್ತಿದ್ದರು.

“ಏನ್ರೀ ಇದು, ಫ್ಯಾನ್ ಪಕ್ಕ? ಸೀಲಿಂಗ್ ಮಾಡಿದ್ದೀರೋ, ಹೊಲ ಉತ್ತಿದ್ದೀರೋ?”

ಅವರು ತಟ್ಟನೆ ನೆಟ್ಟಗೆ ಕೂತರು. “ಎಷ್ಟುದ್ದ?”

“ಒಂದು ಮೊಳ ಇದೆ. ಇದನ್ನ ನೋಡ್ಕೊಂಡು ನಾನು ದಿನಾ ಮಲಗ್ಬೇಕಾ?”

“ಅಯ್ಯೋ, ನಿನ್ನ ಬಾಯಿಗಿಷ್ಟು!” ಎಂದು ನಗುತ್ತ ಎದ್ದು, ಬನಿಯನ್ ತುಂಡಿಗೆ ತಡಕಾಡಿದರು.

ಮತ್ತೆ ಮೇಜು ಎಳೆದೆವು, ಹಲಗೆ ಇಲ್ಲದೆ ಅವರು ಮೇಜಿನ ಮೇಲೇ ಹತ್ತಿದರು. ಕೆಳಗಿನಿಂದ ನಾನು ‘ಎಡಕ್ಕೆ, ಇನ್ನೂ ಸ್ವಲ್ಪ, ದಾಟಿಬಿಟ್ರಿ’ ಎಂದು ಗದರುತ್ತ ಹೋದೆ. ಅವರ ಅಂಗೈ ಏಣಿನ ಮೇಲೆ ಬಂದು ನಿಂತಿತು.

“ಸಿಕ್ತು. ಇನ್ನೆಲ್ಲೆಲ್ಲಿದೆ ಹೇಳು, ಒಂದನ್ನೂ ಬಿಡ್ಬೇಡ.”

ಅವತ್ತು ಊಟಕ್ಕೆ ಕೂತಾಗ ಒಂದು ತುತ್ತು ಬಾಯಿಗಿಟ್ಟವಳೇ, ಸಾರು ಉಪ್ಪಾಗಿದೆ ಎಂದುಬಿಟ್ಟೆ.